ಕೆಳಗಿಟ್ಟದ್ದು

ಮಧ್ಯಾಹ್ನ ಕೆಲಸಕ್ಕಿದ್ದ ಶಬನಾ ಕತ್ತರಿ ಕೇಳಿದಳು. ಅನುಪಮಾ ಅದನ್ನು ಮೇಜಿನ ಮೇಲಿಟ್ಟಳು, ಶಬನಾ ಮೇಜಿನಿಂದ ಎತ್ತಿಕೊಂಡು ತೋಳಿನ ಹೊಲಿಗೆ ಬಿಚ್ಚತೊಡಗಿದಳು. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಅನುಪಮಾಳ ಈ ಬ್ಲೌಸ್ ಅಂಗಡಿ ಶುರುವಾದಾಗಿನಿಂದ ಹೀಗೇ ನಡೆದುಕೊಂಡು ಬಂದಿತ್ತು. ಕತ್ತರಿ, ಸೂಜಿ, ಪಿನ್ನು, ಯಾವ ಕಬ್ಬಿಣವೂ ಇಲ್ಲಿ ಕೈಯಿಂದ ಕೈಗೆ ಹೋಗುವುದಿಲ್ಲ. ಹೋದರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಬರುತ್ತದೆ ಅಂತ ಅಮ್ಮ ಹೇಳಿಕೊಟ್ಟಿದ್ದಳು. ಉಪ್ಪಿಗೂ ಮೆಣಸಿನಕಾಯಿಗೂ ಅದೇ ಕಾನೂನು. ಅಮ್ಮ ಹೇಳಿಕೊಟ್ಟ ಎಷ್ಟೋ ಮಾತನ್ನು ಅನುಪಮಾ ಗಾಳಿಗೆ ತೂರಿದ್ದಳು. ಇದನ್ನು ತೂರಬೇಕೆಂದು ಮಾತ್ರ ಹೊಳೆದೇ ಇರಲಿಲ್ಲ, ಇದು ಇದ್ದದ್ದೇ ಮಣಿಕಟ್ಟಿನಲ್ಲಿ. ಯಾರಾದರೂ ಕತ್ತರಿ ಕೇಳಿದರೆ ಮಣಿಕಟ್ಟು ತಾನಾಗಿ ಕೆಳಗೆ ಬಾಗುತ್ತಿತ್ತು. ಒಳ್ಳೆಯದಕ್ಕೇ ಬಾಗುತ್ತಿತ್ತು, ಎದುರಿಗಿರುವವರ ಜೊತೆ ಮನಸ್ತಾಪ ಬೇಡ ಅಂತ. ಈಗ ಕೆಲವು ದಿನಗಳಿಂದ ಆ ಮಣಿಕಟ್ಟಿನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಮಡಚಿ ಹೊಲಿದ ಅಂಚಿನೊಳಗೆ ಮುರಿದ ಸೂಜಿಯ ತುದಿ ಉಳಿದುಬಿಟ್ಟ ಹಾಗೆ, ಎಲ್ಲಿ ಮುಟ್ಟಿದರೂ ಚುಚ್ಚುತ್ತಿತ್ತು. ಸಂಜೆ ಕ್ಲಾಸಿತ್ತು, ಅದೂ ಕೊನೆಯ ಕ್ಲಾಸು.

ಕ್ಲಾಸೆಂದರೆ ಕಾರಿನದು. ಶಿವಮೊಗ್ಗ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ, ಸಂಜೆ ಹೊತ್ತು, ಕಾರಿಟ್ಟುಕೊಂಡವರಿಗೆ ತಮ್ಮ ಕಾರನ್ನು ತಾವೇ ನೋಡಿಕೊಳ್ಳುವುದನ್ನು ಹೇಳಿಕೊಡುತ್ತಾರೆ. ಆಯಿಲ್ ಬದಲಿಸುವುದು, ಟೈರ್ ಕಳಚುವುದು, ಬ್ಯಾಟರಿಯ ತಲೆಗೆ ಕಟ್ಟಿದ ಬಿಳಿ ಬೂಷ್ಟನ್ನು ಉಜ್ಜಿ ತೆಗೆಯುವುದು, ಇಂಥವು. ಅನುಪಮಾ ಸೇರಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಚಿತ್ರದುರ್ಗದಿಂದ ಲೈನಿಂಗ್ ಬಟ್ಟೆ ತರುವಾಗ ಒಮ್ಮೆ ಅವಳ ಹಳೇ ಕಾರು ದಾರಿಯಲ್ಲಿ ನಿಂತುಬಿಟ್ಟಿತು. ಎಲ್ಲಿಂದಲೋ ನಾಲ್ಕು ಗಂಡಸರು ಬಂದು, ಅವಳನ್ನು ಪಕ್ಕಕ್ಕೆ ನಿಲ್ಲಿಸಿ, ಅವಳ ಕಾರಿನ ಬಗ್ಗೆ ಅವಳೇ ಅಲ್ಲಿಲ್ಲವೆನ್ನುವಂತೆ ತಮ್ಮತಮ್ಮಲ್ಲೇ ಚರ್ಚೆ ಮಾಡಿ, ಕೊನೆಗೆ "ಯಜಮಾನ್ರಿಗೆ ಒಂದು ಫೋನ್ ಹಾಕಮ್ಮ" ಅಂದರು. ಯಜಮಾನ ಲಕ್ಷ್ಮೀಕಾಂತನಿಗೆ ಬಾನೆಟ್ ಯಾವ ಕಡೆಯಿಂದ ತೆರೆದುಕೊಳ್ಳುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಆದರೂ ಅವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ ಕೂಡಲೇ ನಾಲ್ವರೂ ಅವನ ಜೊತೆ ಗೌರವದಿಂದ ಮಾತಾಡಿದರು. ಆವತ್ತಿನ ಸಿಟ್ಟು ಮನೆಗೆ ಬಂದ ಮೇಲೂ ಇಳಿಯಲಿಲ್ಲ. ಕ್ಲಾಸಿಗೆ ಸೇರುತ್ತೇನೆ ಅಂದಾಗ ಲಕ್ಷ್ಮೀಕಾಂತ, "ಹೊಲಿಯೋದು ಸಾಕಾಗಿ ಈಗ ಬಿಚ್ಚೋದು ಕಲೀತೀಯೇನು?" ಅಂತ ನಕ್ಕ. ನಗಲಿ ಬಿಡು ಅಂದುಕೊಂಡು ಅವಳು ಸೇರಿದಳು.

ಅಲ್ಲಿ ಹೆಂಗಸರು ಇಬ್ಬರೇ. ಇನ್ನೊಬ್ಬಳು ಸುಪ್ರಿಯಾ, ರಾಮಗಿರಿಯ ಪಶು ಆಸ್ಪತ್ರೆಯ ಡಾಕ್ಟರು, ಅನುಪಮಾಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ಮೊದಲ ದಿನ ಬರೀ ಮಾತಿನ ಪಾಠ. ಹೇಳಿದವರು ಹಜರತ್ ಅಲಿ, ಬಸ್ ಡಿಪೋದಿಂದ ನಿವೃತ್ತರಾದ ಫೋರ್‌ಮನ್, ತಮ್ಮ ದನಿಯನ್ನು ತಾವೇ ಮೆಚ್ಚಿಕೊಂಡು ಮಾತಾಡುವ ಮನುಷ್ಯ. ಅವರ ಮಾತು ಮುಗಿದು ಟೀ ಬಂದಾಗ ಸುಪ್ರಿಯಾ ತಾನಾಗಿ ಬಂದು ಪಕ್ಕದಲ್ಲಿ ಕೂತಳು. "ನಂಗೇನು ಗ್ರೀಸು ಹೇಸಿಗೆ ಇಲ್ಲ ಅಕ್ಕ, ದಿನಾ ಭುಜದ ತಂಕ ಹಸು ಒಳಗೆ ಕೈ ಹಾಕೋಳು ನಾನು" ಅಂದಳು. ಅನುಪಮಾಗೆ ಟೀ ನೆತ್ತಿಗೇರುವಷ್ಟು ನಗು ಬಂತು. "ಕ್ಲಾಸ್ ಮುಗೀಲಿ, ಇಬ್ರೂ ಮಾರಿಕಣಿವೆ ಡ್ಯಾಮಿಗೆ ಹೋಗಾಣ. ಹಿರಿಯೂರು ದಾರೀಲಿ ಕಾರು ಕೆಟ್ರೆ ನಾವೇ ಬಿಚ್ಚಾಣ, ನಾವೇ ಕಟ್ಟಾಣ" ಅಂದಳು ಸುಪ್ರಿಯಾ. ಗೆಳತಿ ಅಂತ ಅನುಪಮಾಗೆ ಒಬ್ಬಳಿದ್ದದ್ದು ಹೈಸ್ಕೂಲಿಗೇ ಕೊನೆ. ಆಮೇಲೆ ಬಂದವರೆಲ್ಲ ನಾದಿನಿಯರು, ಓರಗಿತ್ತಿಯರು, ಕುತ್ತಿಗೆ ಇನ್ನೂ ಸ್ವಲ್ಪ ಡೀಪ್ ಇರಲಿ ಎನ್ನುವ ಗಿರಾಕಿಗಳು. ಏನೂ ಕೆಲಸವಿಲ್ಲದೆ, ಯಾರ ಮದುವೆಯೂ ಇಲ್ಲದೆ, ಇಬ್ಬರೇ ಒಂದು ಕಡೆ ಹೋಗಿಬರೋಣ ಅಂತ ಅವಳನ್ನು ಯಾರೂ ಕರೆದಿರಲಿಲ್ಲ. ಅದೇ ಟೀ ಹೊತ್ತಿನಲ್ಲಿ, ಲೋಟ ಬೆಂಚಿನ ಮೇಲಿಡುತ್ತ, ಯಾರೂ ಕೇಳದಿದ್ದರೂ ಸುಪ್ರಿಯಾ ಹೇಳಿದಳು: "ನಮ್ದು ಹಿರೇಗುಂಟನೂರು ಕಡೆ. ಊರೊಳಗಲ್ಲ, ಕಾಲೋನಿ." ಹೇಳಿ ಅನುಪಮಾಳ ಮುಖ ನೋಡಿದಳು. "ಹೌದಾ, ಆ ಕಡೆ ನಮ್ಮ ಗಿರಾಕಿ ಒಬ್ರವ್ರೆ" ಅಂದಳು ಅನುಪಮಾ. ಎಷ್ಟು ಸಲೀಸಾಗಿ ಅಂದೆ ಅಂತ ಮನಸ್ಸಿನಲ್ಲೇ ತನ್ನ ಬೆನ್ನು ತಾನು ತಟ್ಟಿಕೊಂಡಳು ಕೂಡ. ಆ ಸಂಜೆ ಗೇರ್ ಬದಲಿಸುತ್ತ ಹಾಡು ಗುನುಗಿಕೊಂಡು ಮನೆಗೆ ಬಂದಿದ್ದಳು.

ಎರಡನೆಯ ಕ್ಲಾಸಿಗೆ ಕೈಗೆ ಸಾಮಾನು ಬಂತು. ಶೆಡ್ಡಿನ ನಡುವೆ ಉದ್ದನೆಯ ಗುಂಡಿ, ಅದರ ಮೇಲೆ ಕಲಿಯುವುದಕ್ಕಂತಲೇ ಇಟ್ಟ ಒಂದು ಹಳೇ ಬಿಳಿ ಕಾರು. ಇಬ್ಬಿಬ್ಬರ ಜೋಡಿ, ಒಬ್ಬರು ಗುಂಡಿಯೊಳಗೆ, ಒಬ್ಬರು ಮೇಲೆ. ಹೆಂಗಸರಿಬ್ಬರನ್ನೂ ಅಲಿ ಸಾಹೇಬರು ಒಂದೇ ಜೋಡಿ ಮಾಡಿದರು. ಸುಪ್ರಿಯಾ ಸೆರಗಿನ ಗೊಡವೆಯಿಲ್ಲದ ಚೂಡಿದಾರದಲ್ಲಿ ಮೊದಲು ಇಳಿದಳು. ಸ್ವಲ್ಪ ಹೊತ್ತಿಗೆ ಚಕ್ರದ ಪಕ್ಕದಿಂದ ಒಂದು ಕೈ ಮಾತ್ರ ಮೇಲೆ ಬಂತು, ಅಂಗೈ ಆಕಾಶಕ್ಕೆ. "ಅಕ್ಕ, ಹದಿನಾಲ್ಕರ ಪಾನ ಕೊಡ್ರಿ." ಸ್ಪ್ಯಾನರಿಗೆ ಅಲ್ಲಿ ಎಲ್ಲರೂ ಪಾನ ಅನ್ನುತ್ತಾರೆ. ಅನುಪಮಾ ಡಬ್ಬಿಯಲ್ಲಿ ಹುಡುಕಿ, ತೆಗೆದು, ಆ ತೆರೆದ ಅಂಗೈಯ ಪಕ್ಕದಲ್ಲಿ ಸಿಮೆಂಟಿನ ಅಂಚಿನ ಮೇಲೆ ಇಟ್ಟಳು. ಕೈ ಹಾಗೇ ಇತ್ತು. ಆಮೇಲೆ ತಡಕಾಡಿ ಎತ್ತಿಕೊಂಡಿತು. ಕೇಳಿದ್ದನ್ನೆಲ್ಲ ಅವಳು ಹಾಗೇ ಇಡುತ್ತ ಹೋದಳು, ಮನಸ್ಸೆಲ್ಲ ಹದಿನಾಲ್ಕು ಯಾವುದು ಹದಿನೇಳು ಯಾವುದು ಎನ್ನುವುದರ ಮೇಲೆ. ಹಿಂದಿನಿಂದ ಅಲಿ ಸಾಹೇಬರ ದನಿ ಬಂತು: "ಏನಮ್ಮ, ಸಾಮಾನು ನೆಲಕ್ಕೆ ಯಾಕಿಡ್ತೀರಿ? ಯಾರ್ದಾದ್ರೂ ಕಾಲಿಗೆ ಸಿಕ್ಕಿ ಕೆಳಗಿರೋರ ತಲೆ ಮ್ಯಾಲೆ ಬಿದ್ರೆ? ನನ್ನ ಶೆಡ್ನಾಗೆ ಕೈಯಿಂದ ಕೈಗೆ ಹೋಗಬೇಕು. ಆ ಡಾಕ್ಟ್ರಮ್ಮನ ಕೈಗೆ ಕೊಟ್ರೆ ನಿಮಗೇನಾಗ್ತೈತೆ?" ಶೆಡ್ಡಿನಲ್ಲಿ ಬಡಿಯುವ ಸದ್ದು ನಿಂತಿತು. ಗಂಡಸರು ತಮ್ಮ ತಮ್ಮ ಕೈಯಲ್ಲಿದ್ದ ಸಾಮಾನನ್ನೇ ನೋಡಿಕೊಂಡರು. ಗುಂಡಿಯೊಳಗಿಂದ ಸುಪ್ರಿಯಾ, "ಇರ್ಲಿ ಬಿಡ್ರಿ ಸರ್, ಅಭ್ಯಾಸ" ಅಂದಳು. ಆ ಒಂದು ಮಾತಿಗೆ ಅನುಪಮಾಗೆ ತಾನು ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎನ್ನುವುದು ಕಂಡಿತು, ಬೇರೆಯವರಿಗೆ ಕಂಡಂತೆ ಕಂಡಿತು, ಕಿವಿ ಬಿಸಿಯಾಯಿತು.

ಹೇಳಬೇಕಿತ್ತು. ಕಬ್ಬಿಣ ಕೈಗೆ ಕೊಟ್ಟರೆ ಜಗಳ ಬರುತ್ತದೆ, ಅದಕ್ಕೆ ಇಟ್ಟೆ, ಅಷ್ಟೇ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮೌನದಲ್ಲಿ ನಿಂತು ಹೇಳಿದರೆ ಯಾರು ನಂಬುತ್ತಾರೆ? ಹಿಂದಿನ ಕ್ಲಾಸಿನಲ್ಲಿ ಕಾಲೋನಿ ಅಂತ ಕೇಳಿಸಿಕೊಂಡು, ಮುಂದಿನ ಕ್ಲಾಸಿನಲ್ಲಿ ಕೈಗೆ ಕೊಡದೆ ಕೆಳಗಿಟ್ಟು, ಸಿಕ್ಕಿಬಿದ್ದ ಮೇಲೆ ಅಮ್ಮನ ಶಾಸ್ತ್ರ ತೆಗೆದರೆ ಅದು ಆಗಷ್ಟೇ ಹೊಲಿದ ಸುಳ್ಳಿನ ಹಾಗೆ ಕಾಣುವುದಿಲ್ಲವೇ? ಸುಮ್ಮನಾದಳು. ಸುಮ್ಮನಾದದ್ದು ಇನ್ನೂ ಕೆಟ್ಟದ್ದಾಯಿತು. ಅವತ್ತಿನಿಂದ ಸುಪ್ರಿಯಾಳ ಬಾಯಲ್ಲಿ ಅಕ್ಕ ಹೋಗಿ ಮೇಡಂ ಬಂತು. ಕೋಪವಿಲ್ಲ, ಮುಖ ತಿರುಗಿಸುವುದಿಲ್ಲ, ಟೀ ಕುಡಿಯುವಾಗ ಮಳೆ ಬೆಳೆಯ ಮಾತೂ ಉಂಟು. ಗುಂಡಿಯಲ್ಲಿದ್ದಾಗ ಕೈ ಮೇಲೆತ್ತುವುದನ್ನು ಬಿಟ್ಟುಬಿಟ್ಟಳು, ಸಾಮಾನಿನ ಹೆಸರು ಹೇಳಿ ಕಾಯುತ್ತಿದ್ದಳು. ಅನುಪಮಾ ಇಳಿದ ದಿನ ಮೇಲಿನಿಂದ ಅವಳೂ ಪಾನವನ್ನು ಸಿಮೆಂಟಿನ ಅಂಚಿನ ಮೇಲೆ ಇಡುತ್ತ ಬಂದಳು, ಹಿಡಿಯುವ ತುದಿ ಅನುಪಮಾಳ ಕಡೆಗೆ ಇರುವಂತೆ ಜೋಪಾನವಾಗಿ ತಿರುಗಿಸಿ. ಬೈದಿದ್ದರೆ ಚೆನ್ನಾಗಿತ್ತು. ಮಾರಿಕಣಿವೆಯ ಮಾತು ಮತ್ತೆ ಬರಲಿಲ್ಲ.

ಹೇಳುವುದಾದರೂ ಏನಂತ ಹೇಳುವುದು? ಹೊಸದುರ್ಗದ ಆಚೆ ಅಜ್ಜಿಯ ಊರಿನಲ್ಲಿ, ಶೇಂಗಾ ಬಿಡಿಸುವ ದಿನಗಳಲ್ಲಿ ಕಾಟಮ್ಮ ಅಂತ ಒಬ್ಬಳು ಕೆಲಸಕ್ಕೆ ಬರುತ್ತಿದ್ದಳು. ಮಧ್ಯಾಹ್ನ ಅಜ್ಜಿ ಮೊಮ್ಮಗಳ ಕೈಗೆ ಒಂದು ಅಚ್ಚು ಬೆಲ್ಲ ಕೊಟ್ಟು, "ಕಾಟಮ್ಮಂಗೆ ಕೊಟ್ಟು ಬಾ ಮಗ. ಕೈಗಲ್ಲ, ಕಟ್ಟೆ ಮ್ಯಾಲಿಡು" ಅನ್ನುವಳು. ಹುಡುಗಿ ಓಡಿಹೋಗಿ ದನದ ಕೊಟ್ಟಿಗೆಯ ಕಟ್ಟೆಯ ಮೇಲಿಟ್ಟು ಹಿಂದಕ್ಕೆ ಸರಿದು ನಿಲ್ಲುವಳು. ಹುಡುಗಿ ಪೂರ್ತಿ ಸರಿಯುವ ತನಕ ಕಾಟಮ್ಮ ಬೆಲ್ಲ ಮುಟ್ಟುತ್ತಿರಲಿಲ್ಲ. ಅನುಪಮಾಗೆ ಅದು ಆಟದ ಹಾಗೆ ಖುಷಿ ಕೊಡುತ್ತಿತ್ತು, ಒಂದೊಂದು ಸಲ ಬೇಕೆಂದೇ ನಿಧಾನಕ್ಕೆ ಸರಿಯುತ್ತಿದ್ದಳು. ಅದೇ ಅಜ್ಜಿ ಅದೇ ಮನೆಯಲ್ಲಿ ಸ್ವಂತ ತಂಗಿಗೆ ಈಳಿಗೆಮಣೆಯನ್ನೂ ಕುಡುಗೋಲನ್ನೂ ಕೆಳಗಿಟ್ಟೇ ಕೊಡುತ್ತಿದ್ದಳು, ನಮ್ಮಿಬ್ಬರ ಪ್ರೀತಿ ಕೆಡದಿರಲಿ ಅಂತ. ಎರಡಕ್ಕೂ ಬಾಗುವ ಮಣಿಕಟ್ಟು ಒಂದೇ, ಬಾಗುವ ರೀತಿಯೂ ಒಂದೇ. ಅವತ್ತು ಗುಂಡಿಯ ಅಂಚಿನಲ್ಲಿ ಬಾಗಿದ್ದು ಅಜ್ಜಿಯ ತಂಗಿಗೋ ಕಾಟಮ್ಮನಿಗೋ? ಅನುಪಮಾ ತನ್ನನ್ನೇ ಕೇಳಿಕೊಂಡು ಸಾಕಾಗಿದ್ದಳು. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಲಕ್ಷ್ಮೀಕಾಂತನ ಕೈಗೆ ಸೌಟು ಕೊಟ್ಟು ಅಭ್ಯಾಸ ಮಾಡಲೂ ನೋಡಿದಳು. ಅವನು ಸೌಟು ಹಿಡಿದುಕೊಂಡು, "ಇದನ್ನೇನು ಮಾಡ್ಲೇ ನಾನು?" ಅಂತ ನಿಂತ.

ಅಂಗಡಿಯಲ್ಲಿ ಶಬನಾ ತೋಳಿನ ಹೊಲಿಗೆ ಬಿಚ್ಚಿ ಮುಗಿಸಿ ಕತ್ತರಿಯನ್ನು ಮೇಜಿಗೆ ವಾಪಸಿಟ್ಟಳು. ಅನುಪಮಾ ಅದನ್ನೆತ್ತಿ ನೇರವಾಗಿ ಅವಳ ಕಡೆ ಚಾಚಿದಳು. "ಇಸ್ಕೋ."

ಶಬನಾ ಕೈ ಹಿಂದಕ್ಕೆ ಎಳೆದುಕೊಂಡಳು. "ಕೆಳಗಿಡಕ್ಕ. ಇಷ್ಟು ವರ್ಷ ಜಗಳ ಇಲ್ದಂಗೆ ಇದೀವಿ, ಈಗ್ಯಾಕೆ?"

"ನಿಮ್ಮನೇಲೂ ಹಿಂಗೇನಾ?"

"ನಮ್ಮಮ್ಮೀನೂ ಕೊಡಲ್ಲ. ಎಲ್ರ ಮನೇಲೂ ಐತೆ ಬಿಡಕ್ಕ ಇದು."

ಎಲ್ಲರ ಮನೆಯಲ್ಲೂ ಇದೆ. ಅನುಪಮಾಗೆ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಮುಸ್ಲಿಮರ ಮನೆಯಲ್ಲೂ ಇದ್ದ ಮೇಲೆ ಇದರಲ್ಲಿ ಜಾತಿಯ ಮಾತೆಲ್ಲಿ ಬಂತು? ಇವತ್ತು ಹೇಳಿಯೇಬಿಡಬೇಕು, ಕೊನೆಯ ಕ್ಲಾಸು, ಇವತ್ತು ಬಿಟ್ಟರೆ ಸುಪ್ರಿಯಾ ಅದನ್ನೇ ಹೊತ್ತುಕೊಂಡು ರಾಮಗಿರಿಗೆ ಹೋಗಿಬಿಡುತ್ತಾಳೆ, ಮುಗಿಯಿತು. ಹೀಗೆ ಗಟ್ಟಿ ಮಾಡಿಕೊಳ್ಳುತ್ತಿರುವಾಗಲೇ ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು. ಅಲ್ಲಿ ಶಬನಾಳ ಟೀ ಲೋಟ ಬೋರಲಾಗಿತ್ತು, ಗುಲಾಬಿ ಹೂವಿನ ಚಿತ್ರದ್ದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳು ಅದನ್ನು ಮನೆಯಿಂದ ತಂದುಕೊಂಡಿದ್ದಳು. ಹೂವು ಇಷ್ಟವಂತ ತಂದಳೋ, ಬೇರೆ ಏನಾದರೂ ಅಂದುಕೊಂಡು ತಂದಳೋ, ಅನುಪಮಾ ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳೋಣವೇ ಅನ್ನಿಸಿತು. ಒಂದು ದಿನಕ್ಕೆ ಒಂದು ಸಾಕು ಅಂದುಕೊಂಡು, ಕತ್ತರಿಸಿ ಉಳಿದ ಲೈನಿಂಗ್ ಚೂರುಗಳನ್ನು ಎಂದಿನಂತೆ ಚೀಲಕ್ಕೆ ತುಂಬತೊಡಗಿದಳು. ಶೆಡ್ಡಿನಲ್ಲಿ ಎಲ್ಲರೂ ಕೈ ಒರೆಸಿಕೊಳ್ಳುತ್ತಿದ್ದದ್ದು ಅವಳ ಅಂಗಡಿಯ ಬಣ್ಣಬಣ್ಣದ ಚೂರುಗಳಲ್ಲೇ.

ಸಂಜೆ ಆಯಿಲ್ ಬದಲಿಸುವ ಪಾಠವಿತ್ತು. ಗಂಡಸರು ಹೊರಗೆ ಇನ್ನೊಂದು ಕಾರಿನ ಬಾನೆಟ್ ಎತ್ತಿಕೊಂಡು ಗುಂಪಾಗಿ ಬಗ್ಗಿದ್ದರು, ಅಲಿ ಸಾಹೇಬರು ಗೇಟಿನ ಹತ್ತಿರ ಯಾರಿಗೋ ಫೋನಿನಲ್ಲಿ ತಮ್ಮ ಡಿಪೋ ಕಾಲದ ಕತೆ ಹೇಳುತ್ತಿದ್ದರು. ಸುಪ್ರಿಯಾ ಆಗಲೇ ಗುಂಡಿಗೆ ಇಳಿದಾಗಿತ್ತು. ಕಾರಿನ ಅಡಿಯಲ್ಲಿ ಅವಳ ಟಾರ್ಚಿನ ಬೆಳಕು ಅತ್ತಿತ್ತ ಸರಿದಾಡುತ್ತಿತ್ತು. ಮುಖ ಕಾಣದ್ದೇ ವಾಸಿ ಅನ್ನಿಸಿತು ಅನುಪಮಾಗೆ. ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಡಾಕ್ಟ್ರೇ, ಒಂದು ಮಾತು."

"ಹೇಳ್ರಿ ಮೇಡಂ."

"ಅವತ್ತು ಪಾನ ಕೆಳಗಿಟ್ಟೆನಲ್ಲ. ಅದು ನೀವು ಅನ್ಕಂಡಂಗಲ್ಲ. ಕಬ್ಬಿಣ ಕೈಗೆ ಕೊಟ್ರೆ ಜಗಳ ಆಗ್ತೈತೆ ಅಂತಾರೆ ನಮ್ಮನೇಲಿ. ಅಂಗಡೀಲೂ ಕತ್ತರಿ ಹಂಗೇ ಇಡೋದು ನಾನು. ನಿಮ್ಮ ಜೊತೆ ಜಗಳ ಬ್ಯಾಡ ಅಂತ ಕೈಯೇ ಹಂಗೆ ಹೋಯ್ತು."

ಟಾರ್ಚಿನ ಬೆಳಕು ಒಂದು ಕಡೆ ನಿಂತಿತು. "ಗೊತ್ತು ಬಿಡ್ರಿ. ನಮ್ಮವ್ವನೂ ಕುಡುಗೋಲು ಕೈಗೆ ಕೊಡಲ್ಲ. ಅವತ್ತು ನಾನೂ ಅಂಗೇ ಅನ್ಕಂಡೆ. ಪಾಪ, ಇವ್ರೂ ನಮ್ಮವ್ವನಂಗೇ ಅವ್ರೆ ಅಂತ ನಗು ಬಂತು ಒಳಗೊಳಗೇ."

ಅನುಪಮಾ ಉಸಿರು ಬಿಟ್ಟಳು. ಇಷ್ಟೇ ಆಗಿತ್ತಲ್ಲ, ಇಷ್ಟಕ್ಕೆ ನಾನು ನಿದ್ದೆ ಕೆಡಿಸಿಕೊಂಡೆನಲ್ಲ ಅನ್ನುವಷ್ಟರಲ್ಲಿ ಕೆಳಗಿನಿಂದ ಅದೇ ಸಮಾಧಾನದ ದನಿ ಮುಂದುವರಿಯಿತು.

"ಆಮೇಲೆ ಕೈ ಒರೆಸ್ಕಳಕ್ಕೆ ಬಟ್ಟೆ ಕೇಳ್ದೆ. ಅದನ್ನೂ ಕೆಳಗಿಟ್ರಿ. ಬಟ್ಟೆ ಯಾವ ಜಗಳ ತರ್ತೈತೆ ಮೇಡಂ?"

ಇಲ್ಲ ಅನ್ನಲು ಬಾಯಿ ತೆರೆದಳು ಅನುಪಮಾ. ತೆರೆದ ಬಾಯಲ್ಲೇ ಅದು ನೆನಪಿಗೆ ಬಂತು: ಗಿಳಿಹಸಿರು ಲೈನಿಂಗಿನ ಚೂರು, ಸಿಮೆಂಟಿನ ಮೇಲೆ, ಒಂದು ಮೂಲೆ ಗುಂಡಿಯೊಳಕ್ಕೆ ಇಳಿಬಿದ್ದಿತ್ತು, ಪಕ್ಕದಲ್ಲಿ ತೆರೆದ ಅಂಗೈ. ಇಷ್ಟು ದಿನ ಪಾನವನ್ನೇ ಹಿಂದೆ ಮುಂದೆ ಮಾಡಿ ನೋಡಿದವಳಿಗೆ ಆ ಹಸಿರು ಚೂರು ಒಮ್ಮೆಯೂ ಕಂಡಿರಲಿಲ್ಲ. ಎಷ್ಟು ಜನ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟು, ಎಲೆಯಡಿಕೆಯ ಜೊತೆ ಬ್ಲೌಸ್ ಪೀಸನ್ನು ಎರಡೂ ಕೈಯಿಂದ ಅವರ ಎರಡೂ ಕೈಗೆ ಇಟ್ಟಿದ್ದಳು ಅವಳು. ಬಟ್ಟೆಯನ್ನು ಯಾರಿಗೂ ನೆಲದ ಮೇಲಿಟ್ಟು ತಗೋ ಅಂದಿರಲಿಲ್ಲ. ಅಮ್ಮನ ಯಾವ ಶಾಸ್ತ್ರದಲ್ಲೂ ಅದಕ್ಕೆ ಜಾಗವಿರಲಿಲ್ಲ. ಜಾಗವಿದ್ದದ್ದು ಕೊಟ್ಟಿಗೆಯ ಕಟ್ಟೆಯ ಮೇಲೆ ಮಾತ್ರ. ಅವಳಿಗೆ ನಾಚಿಕೆಯಾಯಿತು. ಕ್ಲಾಸಿನಲ್ಲಿ ಎಲ್ಲರೆದುರು ಆದಂಥ ನಾಚಿಕೆಯಲ್ಲ, ಆಗ ಕಿವಿ ಬಿಸಿಯಾಗಿತ್ತು, ಈಗ ಕೈ ತಣ್ಣಗಾಯಿತು. ಗೇಟಿನ ಹತ್ತಿರ ಅಲಿ ಸಾಹೇಬರು ತಮ್ಮ ಕತೆಗೆ ತಾವೇ ನಗುವುದು ಕೇಳಿಸುತ್ತಿತ್ತು.

"ಹೌದು," ಅಂದಳು. "ಇಟ್ಟೆ." ಇನ್ನೂ ಏನೋ ಹೇಳಬೇಕಿತ್ತು. "ಯಾಕಿಟ್ಟೆ ಅಂತ ಗೊತ್ತಿಲ್ಲ ಅಂದ್ರೆ ಸುಳ್ಳಾಗ್ತೈತೆ."

ಇರಲಿ ಬಿಡಿ ಅನ್ನುತ್ತಾಳೆ ಅಂತ ಅನುಪಮಾ ಕಾದಳು, ಸುಪ್ರಿಯಾ ಅನ್ನಲಿಲ್ಲ. ಬೆಳಕು ಮತ್ತೆ ಸರಿದಾಡಿತು, ಆಯಿಲ್ ಹಿಡಿಯುವ ತಟ್ಟೆಯನ್ನು ಎಳೆದುಕೊಂಡ ಸದ್ದಾಯಿತು. ಆಮೇಲೆ, "ಹದಿನಾಲ್ಕರದ್ದು" ಅಂದಳು, ಅಷ್ಟೇ. ಕೈ ಮೇಲೆ ಬರಲಿಲ್ಲ.

ಡಬ್ಬಿಯಿಂದ ಪಾನ ಎತ್ತಿಕೊಂಡು ಅನುಪಮಾ ಅಂಚಿಗೆ ಬಂದಳು. ಎಂದಿನ ಜಾಗ ಅಲ್ಲೇ ಇತ್ತು, ಸಿಮೆಂಟಿನ ಮೇಲೆ ಗ್ರೀಸಿನ ಕಪ್ಪು ಗುರುತು ಸಹಿತ, ಮಣಿಕಟ್ಟೂ ಆ ಕಡೆಗೇ ಬಾಗಿತು. ಅವಳು ಸೀರೆಯ ಯೋಚನೆ ಬಿಟ್ಟು ಮಂಡಿಯೂರಿದಳು, ಅದು ಸಾಲದೆ ನೆಲಕ್ಕೆ ಎದೆ ತಾಗಿಸಿ ಮಲಗಿ, ಕಾರಿನ ಅಡಿಗೆ, ಗುಂಡಿಯ ಒಳಕ್ಕೆ ಭುಜದ ತನಕ ಕೈ ಇಳಿಸಿದಳು. ಏನೂ ಕಾಣುತ್ತಿರಲಿಲ್ಲ. ಆಯಿಲಿನ ವಾಸನೆ, ಒಳಗಿನ ತಂಪು, ಕೈಯಲ್ಲಿ ಕಬ್ಬಿಣದ ಭಾರ. ಭಾರ ಹಾಗೇ ಉಳಿಯಿತು. ಭುಜ ನೋಯಲು ಶುರುವಾಯಿತು. ತಗೊಳ್ಳದಿದ್ದರೂ ಅದು ಅವಳ ಹಕ್ಕು, ಅಂದುಕೊಂಡಳು, ಆದರೆ ನಾನಂತೂ ಇದನ್ನು ಕೆಳಗಿಡುವುದಿಲ್ಲ. ಆಮೇಲೆ ಬೆರಳಿಗೆ ಬೆರಳು ತಾಗಿತು, ಬೆಚ್ಚಗೆ, ಜಾರುವ ಹಾಗೆ ಆಯಿಲ್ ಮೆತ್ತಿಕೊಂಡ ಬೆರಳು. ಪಾನ ಅವಳ ಕೈಯಿಂದ ಹೋಯಿತು.

ಅವಳಿನ್ನೂ ಎದ್ದಿರಲಿಲ್ಲ. "ಇದು ಹದಿನೇಳು" ಅಂದಳು ಸುಪ್ರಿಯಾ.

"ಹದಿನಾಲ್ಕೇ ಅದು. ನೋಡಿ ಕೊಟ್ಟಿದೀನಿ."

"ನೋಡಿದ್ರೆ ಹಿಂಗಾಗ್ತಿತ್ತಾ? ನಟ್ಟಿನ ಸುತ್ತ ಗಿರಗಿರ ತಿರುಗ್ತೈತೆ ಇಲ್ಲಿ."

"ಕತ್ತಲಾಗೆ ನಿಮಗೆ ಸರಿಯಾಗಿ ಸಿಕ್ಕಿಸಾಕಾಗಿಲ್ಲ."

"ದಿನಾ ಕತ್ತಲಾಗೇ ಕೈಯಾಡಿಸೋಳು ನಾನು, ನಂಗೆ ಹೇಳ್ತೀರಾ? ಇಷ್ಟು ಕ್ಲಾಸಿಗೆ ಬಂದು ಹದಿನಾಲ್ಕು ಹದಿನೇಳು ಗೊತ್ತಾಗಲ್ಲ ಅಂದ್ರೆ ಏನು ಕಲಿತಂಗಾತು?"

"ನೀವು ಮೊದ್ಲು ಟಾರ್ಚ್ ಸರಿಯಾಗಿ ಹಿಡೀರಿ."

ದನಿ ಏರಿತ್ತು, ಇಬ್ಬರದೂ. ಹೊರಗೆ ಬಾನೆಟ್ಟಿನ ಮೇಲೆ ಬಗ್ಗಿದ್ದ ಗಂಡಸರು ತಲೆಯೆತ್ತಿ ನೋಡಿದರು. "ಏನದು ಗಲಾಟೆ?" ಅಂತ ಅಲಿ ಸಾಹೇಬರು ಗೇಟಿನಿಂದಲೇ ಕೂಗಿದರು. ನೆಲದ ಮೇಲೆ ಮಲಗಿಕೊಂಡೇ, ಅಮ್ಮ ಹೇಳಿದ್ದು ಸುಳ್ಳಲ್ಲ ಅಂದುಕೊಂಡಳು ಅನುಪಮಾ. ಸಿಟ್ಟು ನಿಜವಾಗಿಯೂ ಬಂದಿತ್ತು, ಹದಿನಾಲ್ಕೇ ಕೊಟ್ಟದ್ದೆಂದು ಪ್ರಮಾಣ ಮಾಡುವಷ್ಟು ಬಂದಿತ್ತು, ಇಷ್ಟು ಹಗುರಾಗಿ ಅವಳಿಗೆ ಯಾರ ಮೇಲೂ ಸಿಟ್ಟು ಬಂದದ್ದಿಲ್ಲ.

"ನಂಬಲ್ಲ ಅಂದ್ರೆ ಬಗ್ಗಿ ನೀನೇ ನೋಡಕ್ಕ" ಅಂದಳು ಸುಪ್ರಿಯಾ. ಕತ್ತಲೊಳಗಿಂದ ಪಾನ ಹಿಡಿದ ಕೈ ಅವಳ ಮುಖದ ಹತ್ತಿರ ಬಂತು, ಟಾರ್ಚು ಅದರ ಮೇಲೆ ಬಿತ್ತು.

ಅನುಪಮಾ ಅದನ್ನು ಅವಳ ಕೈಯಿಂದ ಇಸಿದುಕೊಂಡು, ಹೆಬ್ಬೆರಳಿನಿಂದ ಗ್ರೀಸು ಒರೆಸಿ ನೋಡಿದಳು. ಹದಿನೇಳೇ ಇತ್ತು.